ಅಂಕಿತ ಕತ್ತರಿಸಿದ ಕ್ಯಾಸೆಟ್ಟು

ನಮ್ಮ ಕಡೆ ಹಾಡು ಬಲ್ಲವರು ಎನಿಸಿಕೊಳ್ಳಲು ಹಾಡು ಬರಬೇಕಾಗಿಲ್ಲ. ಹಣೆಗೆ ಮೂರು ಬೆರಳು ವಿಭೂತಿ, ಹೆಗಲ ಮೇಲೆ ಮಡಿಚಿದ ಶಲ್ಯ, ಬೇರೆಯವರು ಹಾಡುವಾಗ ಕಣ್ಣು ಮುಚ್ಚಿ ತಲೆಯಾಡಿಸುವ ಅಭ್ಯಾಸ, ಇಷ್ಟಿದ್ದರೆ ಸಾಕು. ನಾನು ಹುಡುಗಿಯಾಗಿದ್ದಾಗ ಅಫಜಲಪುರದಲ್ಲಿ ಇಂಥ ಬಲ್ಲವರಿಗೆ ಬರ ಇರಲಿಲ್ಲ. ಅವರೆಲ್ಲರ ಮುಂದಾಳು ಭಜನಾ ಮಂಡಳಿಯ ಸಾಹುಕಾರರು. ಅವರದು ದಲಾಲಿ ಅಂಗಡಿ. ಹಗಲು ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದು ಮೂಗಿನ ಹತ್ತಿರ ತಂದು ಅದರ ಗುಣ ಹೇಳುತ್ತಿದ್ದರು. ಸಂಜೆ ಅದೇ ಮೂಗಿನಿಂದ ಹಾಡುತ್ತಿದ್ದರು.

ಆ ಮಂಡಳಿಯಲ್ಲಿ ನಿಜವಾಗಿ ಹಾಡುತ್ತಿದ್ದವಳು ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದು ನಮ್ಮ ಜೊತೆಗೇ ಉಳಿದವಳು. ಓದು ಬರಹ ಇಲ್ಲ. ತಲೆಯಲ್ಲಿ ಮಾತ್ರ ಎಷ್ಟು ತತ್ವಪದಗಳಿದ್ದವೋ ಆಕೆಗೂ ತಿಳಿಯದು. ಅವನ್ನೆಲ್ಲ ಕಲಿಸಿದ್ದು ಆಕೆಯ ತಾಯಿ, ನನ್ನ ಅಜ್ಜಿ. ಅಜ್ಜಿ ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಕಂಡವರ ಮನೆಯ ಜೋಳ ಬೀಸಿ ಮಕ್ಕಳನ್ನು ಸಾಕಿದವಳು. ಬೀಸುವ ಕಲ್ಲಿನ ಎದುರು ಮಗಳನ್ನು ಕೂಡಿಸಿಕೊಂಡು, ಕಲ್ಲು ತಿರುಗುವಷ್ಟು ಹೊತ್ತೂ ಪದ ಹೇಳಿಕೊಡುತ್ತಿದ್ದಳಂತೆ. ನಾನು ಹುಟ್ಟುವ ಮೊದಲೇ ತೀರಿಕೊಂಡಳು. ಫೋಟೋ ಇಲ್ಲ, ಗದ್ದುಗೆ ಇಲ್ಲ, ಊರಲ್ಲಿ ಆಕೆಯನ್ನು ನೆನೆಯುವ ಒಂದು ನರಪಿಳ್ಳೆಯೂ ಇಲ್ಲ.

ಮುಂದಿನದು ತಿಳಿಯಬೇಕಾದರೆ ಅಂಕಿತದ ವಿಷಯ ಮೊದಲೇ ಹೇಳಬೇಕು. ತತ್ವಪದದ ಕೊನೆಯ ನುಡಿಯಲ್ಲಿ ಪದ ಕಟ್ಟಿದವರು ತಮ್ಮ ಗುರುವಿನ ಹೆಸರನ್ನೂ ಗುರುವಿನ ಊರನ್ನೂ ಸೇರಿಸುತ್ತಾರೆ. ಅದೇ ಅಂಕಿತ. ಅಂಕಿತ ಬಂತೆಂದರೆ ಕೂತವರು, ನಿಂತವರು, ಕಟ್ಟೆಗೆ ಒರಗಿ ತೂಕಡಿಸುತ್ತಿದ್ದವರು, ಎಲ್ಲರ ಎರಡೂ ಕೈ ಜೋಡಿಯಾಗಿ ಹಣೆಗೆ ಹೋಗುತ್ತವೆ. ಬೀಡಿ ಹಿಡಿದ ಕೈಯೂ ಹೋಗುತ್ತದೆ. ದಮ್ಮಡಿ ಬಾರಿಸುವವನು ದಮ್ಮಡಿ ತೊಡೆಯ ಮೇಲಿಟ್ಟು ಕೈ ಮುಗಿಯುತ್ತಾನೆ, ಪೇಟಿ ನುಡಿಸುವವನು ಪೇಟಿ ಬಿಡುತ್ತಾನೆ, ಪದ ಅಲ್ಲಿಗೆ ಮುಗಿಯುತ್ತದೆ. ಅಂಕಿತ ಕೇಳಿಯೂ ಕೈ ಎತ್ತದವನನ್ನು ನಮ್ಮ ಜನ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಎಲ್ಲದರಲ್ಲಿ ಎಂಥ ಕಳ್ಳನಾದರೂ ನಡೆಯುತ್ತದೆ.

ಎಪ್ಪತ್ತರ ದಶಕದಲ್ಲಿ ಮಂಡಳಿಗೆ ಲೌಡ್‌ಸ್ಪೀಕರ್ ಬಂತು. ಗಿಡಕ್ಕೆ ಕಟ್ಟಿದ ಆ ತಗಡಿನ ಭೋಂಗಾದಲ್ಲಿ ತಮ್ಮ ದನಿ ಕೇಳಿದ ದಿನದಿಂದ ಸಾಹುಕಾರರು ಮೈಕು ಬಿಡಲೇ ಇಲ್ಲ. ಮೈಕಿಗೆ ಹಿಡಿಸಿದ ಅರಿವೆಯನ್ನು ತಾವೇ ಒಗೆಯುತ್ತಿದ್ದರು ಎಂದರೆ ನೀವು ನಂಬಬೇಕು, ಮನೆಯಲ್ಲಿ ತಮ್ಮ ಧೋತರವನ್ನೂ ಒಗೆದವರಲ್ಲ. ಅತ್ತಿಗೆ ಮೈಕಿನ ಗರಜು ಇರಲಿಲ್ಲ. ಆಕೆ ಎತ್ತರದ ಸ್ವರ ತೆಗೆದರೆ ಭೋಂಗಾ ಕುಂಯ್ಯೆಂದು ಶಿಳ್ಳೆ ಹೊಡೆಯುತ್ತಿತ್ತು. ಯಂತ್ರಕ್ಕೆ ತಡೆಯುವ ಶಕ್ತಿ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ, ತಪ್ಪು ಅತ್ತಿಯ ದನಿಯದೇ ಆಯಿತು. "ಸ್ವಲ್ಪ ಹಿಂದ ಸರೀರಿ ಅಕ್ಕಾರ," ಎಂದರು. ಮುಂದಿನ ಸಲ ಇನ್ನೂ ಸ್ವಲ್ಪ. ಸರಿದು ಸರಿದು ಅತ್ತಿ ಬಾಗಿಲ ಹೊಸ್ತಿಲಿಗೆ ಬಂದಳು, ಆಮೇಲೆ ಹೊರಗೆ, ಚಪ್ಪಲಿಗಳ ಪಕ್ಕಕ್ಕೆ. ಒಂದು ಸಂಜೆ ಅಲ್ಲಿಂದಲೂ ಸರಿಯಿರಿ ಎಂದಾಗ ಎದ್ದು, ತನ್ನ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು. ಬಂದವಳು ವರ್ಷಗಟ್ಟಲೆ ಹಾಡಲು ಬಾಯಿ ಬಿಡಲಿಲ್ಲ.

ಬಲ್ಲವರು ಯಾರೂ ಕರೆಯಲು ಬರಲಿಲ್ಲ. ಭೋಂಗಾ ಶಿಳ್ಳೆ ಹೊಡೆಯುವುದು ನಿಂತಿತೆಂದು ಅವರಿಗೆ ಸಮಾಧಾನವೇ ಆಗಿದ್ದಿರಬೇಕು. ಅತ್ತಿ ಕೌದಿ ಹೊಲೆಯುತ್ತ ಕೂತಳು. ಹೊಲೆಯುವಾಗ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ನಾನು ಶಿಕ್ಷಕಿಯ ತರಬೇತಿ ಮುಗಿಸಿ ಆಳಂದದಲ್ಲಿ ಪ್ರಾಥಮಿಕ ಶಾಲೆಗೆ ಸೇರಿದೆ. ರಜೆಗೆ ಊರಿಗೆ ಬಂದಾಗಲೆಲ್ಲ ಆ ತುಟಿ ನೋಡಿ ಜಪ ಮಾಡುತ್ತಾಳೆ ಎಂದುಕೊಂಡಿದ್ದೆ.

ಎಂಬತ್ತರ ದಶಕದ ಕೊನೆಗೆ ಸಾಹುಕಾರರು ತಮ್ಮದೊಂದು ಕ್ಯಾಸೆಟ್ಟು ಹೊರಡಿಸಿದರು. ಮುಖಪುಟದಲ್ಲಿ ಶಲ್ಯ ಹೊದ್ದ ಅವರದೇ ಫೋಟೋ, ಹಿಂದೆ ಬಣ್ಣದ ಜಲಪಾತ. ಅಫಜಲಪುರದ ಸುತ್ತ ಜಲಪಾತ ಎಲ್ಲಿತ್ತೋ ಶಿವನೇ ಬಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅದು ಬೆಳಗಿನಿಂದ ಸಂಜೆತನಕ ಹಾಡುತ್ತಿತ್ತು. ಪುರಿ ಭಾಜಿ ತಿನ್ನುವವರು ಪಾಪ, ತಿನ್ನುತ್ತಲೇ ಕೇಳಬೇಕಾಗಿತ್ತು. ನಾನೂ ಅತ್ತಿಯೂ ಬಸ್ಸಿಗೆ ಕಾಯುತ್ತಿದ್ದಾಗ ಆಕೆ ಪೂರ್ತಿ ಒಂದು ಪದ ಕೇಳಿದಳು.

"ಇವಗ ಯಾರರ ಹೇಳ್ರಿ, ಮೂಗಿಗೆ ಹಾಡಾಕ ಬರೂದಿಲ್ಲಂತ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇಂಥಾ ಪೆಟ್ಟಿಗ್ಯಾಗ ಹಾಡಬೇಕಂದ್ರ ಎಲ್ಲಿಗಿ ಹೋಗಬೇಕ ಬೇ?"

"ನೀ ಹಾಡ್ತೀ ಏನತ್ತಿ? ಯಾವ ಪದ?"

"ಹೊಸಾವು. ನಾ ಕಟ್ಟಿದ್ದು."

ಆಗ ತಿಳಿಯಿತು, ಅಷ್ಟು ವರ್ಷ ಕೌದಿಯ ಮೇಲೆ ನಡೆದದ್ದು ಜಪವಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಹಾಡಿ ತೋರಿಸಿದಳು. ದನಿ ಮೊದಲಿಗಿಂತ ದಪ್ಪವಾಗಿತ್ತು, ಅಲ್ಲಲ್ಲಿ ಸೀಳುತ್ತಿತ್ತು. ಆ ಸೀಳಿನಲ್ಲೇ ಏನೋ ಇತ್ತು. ಒಂದು ಪದ ಚಳಿಗಾಲದ ಕಡಲೆ ಹೊಲದ ಮೇಲೆ. ನಸುಕಿನಲ್ಲಿ ಕಡಲೆ ಗಿಡಗಳ ಮೇಲೆ ತೆಳುವಾದ ಪಂಜಿ, ಅಂದರೆ ಪಂಚೆ, ಹಾಸಿ, ಇಬ್ಬನಿ ಹೀರಿದ ಮೇಲೆ ಹಿಂಡಿದರೆ ಹುಳಿ ಬರುತ್ತದೆ. ಹೊಟ್ಟೆನೋವಿಗೆ ಅದನ್ನು ಸೀಸೆಯಲ್ಲಿ ಇಟ್ಟುಕೊಳ್ಳುತ್ತೇವೆ.

ಕಡ್ಲಿ ಹೊಲದ ಮ್ಯಾಲ ಪಂಜಿ ಹಾಸಿದೆನವ್ವ
ಇಬ್ಬನಿ ಹಿಂಡಿದರ ಹುಳಿ ಬಂತ
ನೀರಂತ ನೆಚ್ಚಿದ್ದು ನೀರಲ್ಲ ಮನವೇ
ಹೊಟ್ಟಿಯ ಬ್ಯಾನಿಗೆ ಮದ್ದಾತ

ಕೊನೆಯ ನುಡಿ ಹೀಗಿತ್ತು:

ಬೀಸುತ್ತ ಕಲಿಸಿದ ಭೀಮಾದಂಡಿ ಅವ್ವ
ಗುರು ನಿನ್ನ ಪಾದವೇ ಗತಿಯಾತ

ಎಲ್ಲ ಪದಗಳಿಗೂ ಅದೇ ಅಂಕಿತ, ಭೀಮಾದಂಡಿ ಅವ್ವ. ಅಂಕಿತ ಹಾಡುವಾಗ ಅತ್ತಿ ತಾನೇ ಕಣ್ಣು ಮುಚ್ಚಿ ಕೈಯನ್ನು ಹಣೆಗೆ ತಂದಳು. "ಹೆಸರು ಬೇಕಾಗ್ಯಾದೇನು ನನಗ," ಎಂದಳು. "ಊರ ಜೋಳ ಬೀಸಿ ಸತ್ತಳು ನಮ್ಮವ್ವ. ನಾ ಸತ್ತರ ಅಕಿ ಇದ್ದಳಂತ ಹೇಳಾವರು ಯಾರು? ಪದದ ಕಡೀಕರ ಇರಲಿ." ಆಕೆಗೆ ಬೇಕಾಗಿದ್ದು ಅಷ್ಟೇ.

ಸೊಲ್ಲಾಪುರಕ್ಕೆ ಹೋದೆವು. ರೆಕಾರ್ಡಿಂಗ್ ಎಂದರೆ ಒಂದು ಅಂಗಡಿಯ ಹಿಂದಿನ ಕೋಣೆ, ಗೋಡೆಗೆಲ್ಲ ಹಳೆಯ ಗಾದಿ ನೇತುಹಾಕಿದ್ದರು. ಯಜಮಾನ ಮರಾಠಿಯವನು, ವ್ಯಾಪಾರಕ್ಕೆ ಬೇಕಾದಷ್ಟು ಕನ್ನಡ ಬರುತ್ತಿತ್ತು. ಹಾಡಿಗಿಂತ ಹೆಚ್ಚಾಗಿ ತನ್ನ ಯಂತ್ರದ ಕೆಂಪು ದೀಪಗಳನ್ನು ಪ್ರೀತಿಸುವ ಜಾತಿ. ಕಿವಿಗೆ ಎರಡು ದೊಡ್ಡ ಡಬ್ಬಿ ಹಾಕಿಕೊಂಡು ಗುಂಡಿ ತಿರುವುತ್ತ, "ಬೇಸ್ ಝಾಲಂ ಮೌಶಿ, ಬೇಸ್ ಝಾಲಂ," ಎಂದು ಅತ್ತಿಯನ್ನು ಮೆಚ್ಚುತ್ತಿದ್ದ. ಅತ್ತಿ ಅಂದು ಸಂಜೆಯವರೆಗೆ ಹಾಡಿದಳು. ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು, ಬಾಯಿ ತೆರೆದಿತ್ತು.

ಕ್ಯಾಸೆಟ್ಟು ಬಂತು. ಮುಖಪುಟದಲ್ಲಿ ಯಾವುದೋ ದಪ್ಪ ಕೆನ್ನೆಯ ಹೆಂಗಸು ಗುಲಾಬಿ ಸೀರೆಯುಟ್ಟು ವೀಣೆ ಹಿಡಿದಿದ್ದಳು. ಅದನ್ನು ಅತ್ತಿ ನಕ್ಕು ಸಹಿಸಿದಳು. ನನ್ನ ಟೇಪ್‌ರೆಕಾರ್ಡರಿಗೆ ಹಾಕಿ ಅಂಗಳದಲ್ಲಿ ಕೂತೆವು. ಕಡಲೆ ಹೊಲದ ಪದ ಶುರುವಾಯಿತು, ನುಡಿಗಳು ಒಂದೊಂದಾಗಿ ಬಂದವು, ಕೊನೆಯ ನುಡಿ ಬರುವ ಹೊತ್ತಿಗೆ ಅತ್ತಿಯ ಕೈ ಎದೆಯ ತನಕ ಎದ್ದಿತ್ತು. ಅಷ್ಟರಲ್ಲಿ ದನಿ ಸಣ್ಣದಾಗುತ್ತ ಸಣ್ಣದಾಗುತ್ತ ಇಲ್ಲವಾಯಿತು. ಮುಂದಿನ ಪದ ಹತ್ತಿತು. ಅದರದೂ ಅದೇ ಗತಿ. ಒಂದರಲ್ಲೂ ಅಂಕಿತ ಇರಲಿಲ್ಲ.

"ಕಡೀದು ಎಲ್ಲಿಗಿ ಹೋತು?" ಎಂದಳು ಅತ್ತಿ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಸೆರಗು ಸರಿಮಾಡಿಕೊಂಡಳು.

ನಾನು ಸಿಟ್ಟಿನಿಂದ ಸೊಲ್ಲಾಪುರಕ್ಕೆ ಹೋಗಿ ಆ ಯಜಮಾನನನ್ನು ಕೇಳಿದೆ. ಅವನಿಗೆ ತಾನು ಮಾಡಿದ್ದು ಉಪಕಾರವೆಂದೇ ನಂಬಿಕೆ. "ಎಲ್ಲಾ ಹಾಡಿನ್ಯಾಗ ಕಡೀಕ ಅದೇ ಹೆಸರು ಬರ್ತದ ತಾಯಿ. ಕೇಳಾವರಿಗಿ ಬ್ಯಾಸರ ಆಗ್ತದ. ಸಿನಿಮಾ ಹಾಡಿನಂಗ ಹಗೂರಕ ಕಮ್ಮಿ ಮಾಡೇನಿ, ಮಸ್ತ್ ಆಗ್ಯಾದ ನೋಡ್ರಿ," ಎಂದ. ಮೂಲ ಟೇಪಿನ ಮೇಲೆ ಆಗಲೇ ಯಾರದೋ ಮದುವೆಯ ಬ್ಯಾಂಡು ತುಂಬಿದ್ದ. ದೇವರ ಮೂರ್ತಿಯ ತಲೆ ಕಡಿದು ಹೊರಲು ಹಗುರ ಮಾಡಿಕೊಟ್ಟೆ ಎನ್ನುವಂಥ ಈ ದಡ್ಡನ ಜೊತೆ ಜಗಳ ಆಡುವುದಾದರೂ ಹೇಗೆ? ಚಹಾ ತರಿಸಿದ. ಕುಡಿಯದೆ ಬಂದೆ.

ಕ್ಯಾಸೆಟ್ಟು ಮಾತ್ರ ಹರಡಿತು. ಆಳಂದದ ಹೋಟೆಲುಗಳಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಜೀಪುಗಳಲ್ಲಿ ಅತ್ತಿಯ ದನಿ. ಜನ ಪದ ಕೇಳುತ್ತ ಕೊನೆಗೆ ಕೈ ಎತ್ತಲು ತಯಾರಾಗಿ, ಅಂಕಿತ ಬಾರದೆ, ಕೈಯನ್ನು ತಲೆ ಕೆರೆದುಕೊಳ್ಳಲು ಬಳಸುವುದನ್ನು ನಾನೇ ಕಂಡಿದ್ದೇನೆ. ಸಾಮಾನ್ಯ ಜನರಿಗೆ ಇದು ತುಸು ಕಸಿವಿಸಿ, ಅಷ್ಟೇ. ಭಜನಾ ಮಂಡಳಿಗಳಿಗೆ ಸುಗ್ಗಿ. ಪದ ಚಂದ ಇದೆ, ಮಾಡಿದವರ ಹೆಸರಿಲ್ಲ. ಬಾಗಿಲು ತೆರೆದಿಟ್ಟ ಮನೆ.

ನಮ್ಮ ಶಾಲೆಯ ಹೆಡ್‌ಮಾಸ್ತರರು ಆಳಂದದ ಒಂದು ಮಂಡಳಿಗೆ ಹಿರಿಯರಾಗಿದ್ದರು. ಒಂದು ಸೋಮವಾರ ಅವರ ಭಜನೆಗೆ ಹೋದರೆ ಕಡಲೆ ಹೊಲದ ಪದವೇ ನಡೆದಿತ್ತು. ಕೊನೆಯಲ್ಲಿ ತಮ್ಮ ಗುರುವಿನ ಅಂಕಿತವನ್ನು ಸಲೀಸಾಗಿ ಕೂಡಿಸಿದ್ದರು. ಎಲ್ಲರೂ ಕೈ ಎತ್ತಿದರು. ಆಮೇಲೆ ಹೆಡ್‌ಮಾಸ್ತರರಿಂದ ಅರ್ಥವಿವರಣೆ: ಹೊಲವೆಂದರೆ ದೇಹ, ಕಡಲೆಯೆಂದರೆ ಇಂದ್ರಿಯ, ಇಬ್ಬನಿಯೆಂದರೆ ಕುಂಡಲಿನಿ. ಊರಿಗೆ ಹೋದಾಗ ಇದನ್ನು ಅತ್ತಿಗೆ ಹೇಳಿದೆ.

"ಇಬ್ಬನಿ ಅಂದ್ರ ಇಬ್ಬನಿ," ಎಂದಳು. "ಅವರು ಎಂದರ ನಸುಕಿನ್ಯಾಗ ಎದ್ದಾರೇನು?"

ಮರುವರ್ಷ ನನಗೆ ಜೇವರ್ಗಿಗೆ ವರ್ಗವಾಯಿತು. ಅಲ್ಲಿಯ ಮಂಡಳಿ ಅದೇ ಪದಕ್ಕೆ ಬೇರೆ ಗುರುವಿನ ಅಂಕಿತ ಹಾಕಿಕೊಂಡಿತ್ತು. ಬರೀ ಹಾಕಿಕೊಂಡಿದ್ದರೆ ಒಂದು ಮಾತು. ಆ ಗುರು ಕಡಲೆ ಹೊಲದಲ್ಲಿ ನಿಂತು ಈ ಪದ ಹೇಳಿದ್ದನ್ನು ತನ್ನ ಮುತ್ಯಾ ಕಣ್ಣಾರೆ ಕಂಡಿದ್ದ ಎನ್ನುವವನೊಬ್ಬ ಆಗಲೇ ಹುಟ್ಟಿಕೊಂಡಿದ್ದ. ಅತ್ತಿ ಕೌದಿ ಹೊಲೆಯುತ್ತ ಕಟ್ಟಿದ ಪದಕ್ಕೆ ನೂರು ವರ್ಷ ವಯಸ್ಸಾಗಿತ್ತು.

ಆ ವರ್ಷವೇ ಜೇವರ್ಗಿಯಲ್ಲಿ ಭಜನಾ ಸ್ಪರ್ಧೆ ಏರ್ಪಾಡಾಯಿತು. ತೀರ್ಪುಗಾರರು ಯಾರು ಎನ್ನುತ್ತೀರಿ? ಅಫಜಲಪುರದ ನಮ್ಮ ಸಾಹುಕಾರರು. ಜಲಪಾತದ ಕ್ಯಾಸೆಟ್ಟು ಅವರನ್ನು ಅಷ್ಟು ಎತ್ತರಕ್ಕೆ ಒಯ್ದಿತ್ತು. ಅತ್ತಿ ನನ್ನ ಬಾಡಿಗೆ ಮನೆಗೆ ಬಂದಿದ್ದಳು, ಕರೆದುಕೊಂಡು ಹೋದೆ. ಹೆಂಗಸರ ಕಡೆ ಚಾಪೆಯ ಮೇಲೆ ಕೂತೆವು. ಮಧ್ಯಾಹ್ನ ಆಳಂದದವರು ಕಡಲೆ ಹೊಲದ ಪದ ಹಾಡಿ ತಮ್ಮ ಅಂಕಿತ ಹಾಕಿದರು. ಜೇವರ್ಗಿಯವರು ಕೂಡಲೇ ಎದ್ದು ನಿಂತರು. ಇದು ನಮ್ಮ ಗುರುಗಳ ಪದ, ನೀವು ಕದ್ದೀರಿ ಎಂದರು. ಅವರು ಇವರನ್ನು ಕಳ್ಳರೆಂದರು, ಇವರು ಅವರನ್ನು. ಶಲ್ಯಗಳು ಜಾರಿದವು. ಎರಡೂ ಬಣದ ಕಳ್ಳರು ಒಬ್ಬರನ್ನೊಬ್ಬರು ಹಿಡಿದುಕೊಟ್ಟು ಹುಯಿಲೆಬ್ಬಿಸಿದ್ದನ್ನು ಮನೆಯೊಡತಿ ಚಾಪೆಯ ಮೇಲೆ ಕೂತು, ಶೇಂಗಾ ಸುಲಿಯುತ್ತ ನೋಡುತ್ತಿದ್ದಳು.

ಸಾಹುಕಾರರ ಕಣ್ಣು ಆಕೆಯ ಮೇಲೆ ಬಿತ್ತು. ಮೈಕಿನಲ್ಲಿ ಹೇಳಿದರು, "ಸುಮ್ಮಕಿರ್ರಿ. ಈ ಪದಾ ಕ್ಯಾಸೆಟ್ಟಿನ್ಯಾಗ ಹಾಡಿದವರು ಇಲ್ಲೇ ಕುಂತಾರ. ಅಕ್ಕಾರ, ನೀವಾ ಹೇಳ್ರಿ, ಇದು ಯಾರ ಪದ? ಅಂಕಿತ ಯಾವುದು?"

ಅತ್ತಿ ಎದ್ದಳು. ಮಡಿಲಿನ ಸಿಪ್ಪೆ ಕೊಡವಿದಳು. ಕೊನೆಯ ನುಡಿಯನ್ನೇ ಹಾಡಿದಳು. ಬೀಸುತ್ತ ಕಲಿಸಿದ ಭೀಮಾದಂಡಿ ಅವ್ವ, ಗುರು ನಿನ್ನ ಪಾದವೇ ಗತಿಯಾತ. ನಮ್ಮ ಸುತ್ತಲಿನ ಹೆಂಗಸರ ಕೈ ಹಣೆಗೆ ಹೋದವು. ಗಂಡಸರ ಕಡೆಯೂ ಕೆಲವು ಕೈ ಎದ್ದು, ದೊಡ್ಡವರ ಮುಖ ನೋಡಿ ಅರ್ಧಕ್ಕೇ ನಿಂತವು.

"ಯಾರು ಈ ಭೀಮಾದಂಡಿ ಅವ್ವ? ಯಾವ ಮಠದಾಕಿ?" ಎಂದರು ಸಾಹುಕಾರರು.

"ನಮ್ಮವ್ವ್ರಿ. ಜೋಳ ಬೀಸ್ತಿದ್ದಳು. ಪದಾ ನಾ ಕಟ್ಟೇನಿ."

ಮೊದಲು ನಕ್ಕವರು ಆಳಂದದ ಹೆಡ್‌ಮಾಸ್ತರರು. ಆಮೇಲೆ ಎರಡೂ ಮಂಡಳಿಯವರು ಕೂಡಿಯೇ ನಕ್ಕರು, ಒಂದು ಗಳಿಗೆಯ ಹಿಂದೆ ಹೊಡೆದಾಟಕ್ಕೆ ನಿಂತವರು. ಸಾಹುಕಾರರು ನಗಲಿಲ್ಲ, ತೊಗರಿ ನೋಡುವಂತೆ ಮುಖ ಮಾಡಿ ತೀರ್ಪು ಹೇಳಿದರು. "ಮ್ಯಾಲಿನ ನುಡಿ ಜ್ಞಾನಿಗಳದ್ದು. ಅದು ನೋಡಿದರ ಗೊತ್ತಾಗ್ತದ. ಈ ಕಡೀ ನುಡಿ ಯಾರೋ ಹೆಣ್ಮಕ್ಕಳು ಆಮ್ಯಾಲ ಸೇರಿಸ್ಯಾರ, ಅದಕ್ಕಾ ಪದಕ್ಕ ಹೊಂದೂದಿಲ್ಲ. ಬೀಸಾಕಿ ಗುರು ಆಗೂದು ಎಲ್ಲ್ಯಾದ?"

ನಾನು ಎದ್ದು, ಕ್ಯಾಸೆಟ್ಟಿನ ದನಿ ಈಕೆಯದೇ ಎಂದು ಕೂಗಿದೆ. "ದನಿ ಅಕಿದು ಖರೆ ಟೀಚರ," ಎಂದರು ಅವರು, ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ. "ಹಾಡಾಕಿ ಅಕಿ. ಕಟ್ಟಿದವರು ಬ್ಯಾರೆ." ಬಹುಮಾನವನ್ನು ಎರಡೂ ಮಂಡಳಿಗೆ ಸಮನಾಗಿ ಹಂಚಿದರು. ಕದ್ದದ್ದನ್ನು ಹಂಚಿಕೊಡುವುದು ದಲಾಲಿಗಳಿಗೆ ಹೊಸದಲ್ಲ. ಆ ದಿನ ನನಗೆ ಬಂದ ಅಸಹ್ಯ ಇವತ್ತಿಗೂ ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ. ಮನೆಗೆ ನಡೆಯುತ್ತ ನಾನೇ ಅತ್ತುಬಿಟ್ಟೆ. ಅತ್ತಿ ಅಳಲಿಲ್ಲ. "ಕಡೀಕ ಇಟ್ಟಿದ್ದಾ ತಪ್ಪಾತು," ಎಂದಷ್ಟೇ ಅಂದು ಶೇಂಗಾ ನನ್ನ ಕೈಗೆ ಹಾಕಿದಳು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಚಳಿಗಾಲದಲ್ಲಿ ನಾನು ಅಫಜಲಪುರಕ್ಕೆ ಹೋದಾಗ ಅಮಾವಾಸ್ಯೆ. ಮಂಡಳಿಯ ಭಜನೆಗೆ ಹೋಗೋಣ ಎಂದಳು ಅತ್ತಿ. ದೀಪ ಹಚ್ಚುವ ಹೊತ್ತು. ಸಾಹುಕಾರರು ಮೈಕಿನ ಹಿಂದೆ ಕೂತಿದ್ದರು. ಅಂಗಳ ತುಂಬ ಜನ. ಅತ್ತಿ ಒಳಗೆ ಹೋಗಲಿಲ್ಲ, ಹಿಂದೆ ಆಕೆಯನ್ನು ಕೂಡಿಸಿದ್ದ ಜಾಗದಲ್ಲೇ, ಚಪ್ಪಲಿಗಳ ಪಕ್ಕ ನಿಂತು, "ಒಂದು ಹೊಸಾ ಪದಾ ಹಾಡ್ಲೇನ್ರಿ?" ಎಂದಳು. ಹಿರಿಯಳು, ಎಲ್ಲರೆದುರು ಕೇಳಿದ್ದಾಳೆ. ಸಾಹುಕಾರರು ದೊಡ್ಡ ಮನಸ್ಸು ಮಾಡಿ ಕೈ ಬೀಸಿದರು. ಪೇಟಿಯವನು ಸ್ವರ ಕೊಟ್ಟ, ದಮ್ಮಡಿ ಎದ್ದಿತು.

ಭೀಮಾದಂಡಿ ಅವ್ವ ಗುರುವೇ ನಿನ್ನ
ಬೀಸುಕಲ್ಲ ತಿರುಗತಾದ ಇನ್ನ

ಅದು ಪಲ್ಲವಿ. ಅಂಕಿತವನ್ನು ಆಕೆ ಪದದ ಮೊದಲ ಸಾಲಿಗೇ ತಂದಿಟ್ಟಿದ್ದಳು. ಹಾಗೆ ಮಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಹೆಂಗಸರ ಕೈ ಹಣೆಗೆ ಹೋದವು. ಅಂಗಳದ ಮುದುಕರ ಕೈ ಹೋದವು, ಅವರು ಯಾವ ಮಠದಾಕಿ ಎಂದು ಕೇಳಲಿಲ್ಲ, ಗುರು ಎಂದು ಕಿವಿಗೆ ಬಿದ್ದರೆ ಸಾಕು ಅವರಿಗೆ. ದಮ್ಮಡಿಯವನು ದಮ್ಮಡಿ ಕೆಳಗಿಟ್ಟ, ಪೇಟಿಯವನು ಪೇಟಿ ಬಿಟ್ಟ. ಬರೀ ಅತ್ತಿಯ ದನಿ ಉಳಿಯಿತು. ಇಡೀ ಅಂಗಳದಲ್ಲಿ ಕೈ ಎತ್ತದವರು ಒಬ್ಬರೇ, ಮತ್ತು ಅವರು ಎಲ್ಲರಿಗೂ ಕಾಣುವ ಜಾಗದಲ್ಲಿ ಕೂತಿದ್ದರು. ಸಾಹುಕಾರರು ಆಚೆ ಈಚೆ ನೋಡಿದರು. ಮೈಕು ಹಿಡಿದು ಎರಡು ಕೈ ಜೋಡಿಸಲು ಬರುವುದಿಲ್ಲ. ಮೈಕು ಕೆಳಗಿಟ್ಟರು.

ಇಷ್ಟಕ್ಕೇ ಮುಗಿಯಲಿಲ್ಲ. ಪಲ್ಲವಿಯನ್ನು ಹಿಮ್ಮೇಳದವರು ತಿರುಗಿ ಹೇಳಬೇಕು, ಅದು ಭಜನೆಯ ಕ್ರಮ. ಮೂಗಿನಿಂದ ಹಾಡುವ ಸಾಹುಕಾರರೂ ಸೇರಿ ಮಂಡಳಿಯ ಗಂಡಸರೆಲ್ಲ ಭೀಮಾದಂಡಿ ಅವ್ವ ಗುರುವೇ ಎಂದು ಹೇಳಿ ಮತ್ತೆ ಕೈ ಎತ್ತಿದರು. ಪ್ರತಿ ನುಡಿ ಮುಗಿದಾಗಲೂ ಪಲ್ಲವಿ ಬಂತು. ಅತ್ತಿ ನುಡಿಗಳನ್ನು ಗಿಡ್ಡ ಗಿಡ್ಡವಾಗಿ ಕಟ್ಟಿದ್ದಳು, ಬೇಕೆಂದೇ. ಮೈಕು ಎತ್ತಿಕೊಳ್ಳುವುದು, ಕೆಳಗಿಡುವುದು, ಕೈ ಮುಗಿಯುವುದು, ಮತ್ತೆ ಎತ್ತಿಕೊಳ್ಳುವುದು, ಕೊನೆಗೆ ಸಾಹುಕಾರರು ಮೈಕು ಮುಟ್ಟುವುದನ್ನೇ ಬಿಟ್ಟರು. ಭೋಂಗಾ ಒಂದು ಸಲವೂ ಶಿಳ್ಳೆ ಹೊಡೆಯಲಿಲ್ಲ. ಈ ಪದವನ್ನು ಯಾರು ಎಲ್ಲಿ ಕತ್ತರಿಸಿದರೂ ಉಳಿದದ್ದರಲ್ಲಿ ಅಜ್ಜಿ ಇದ್ದೇ ಇರುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. "ನಾಳಿಗಿ ಸಾವ್ಕಾರ ಭುಜಕ್ಕ ಎಣ್ಣಿ ಹಚ್ಕೋಬೇಕಾಗ್ತದ ಅತ್ತಿ," ಎಂದೆ.

ಅತ್ತಿ ನಗಲಿಲ್ಲ. ಸಾಹುಕಾರರ ಮನೆಯ ಮುಂದೆ ಹಾಯುವಾಗ ನಿಂತಳು. ಕಟ್ಟೆಯ ಪಕ್ಕದ ಒಂದು ಸಣ್ಣ ಬಾಗಿಲು ತೋರಿಸಿದಳು.

"ನಮ್ಮ ಹಳ್ಳ್ಯಾಗ ಬೀಸಾಕ ಜೋಳ ಸಿಗಲಿಲ್ಲಂದ್ರ ಅವ್ವ ನಡಕೋತ ಇಲ್ಲಿಗಿ ಬರ್ತಿದ್ದಳು. ಇವರ ಜೋಳ ಬೀಸಿ ಈ ಬಾಗಿಲದಾಗ ಹಿಟ್ಟು ಕೊಡ್ತಿದ್ದಳು," ಎಂದಳು. "ಒಳಗ ಬಾ ಅಂತ ಒಂದಿನಾನೂ ಅಂದಿಲ್ಲ ಇವರು."

ಸೆರಗು ಹೊದ್ದುಕೊಂಡು ನಡೆದಳು.